ಗುರುತಿಲ್ಲದವರಿಗೆ ಬರೆದ ಕಾರ್ಡು

ಪತ್ರಸಾಹಿತ್ಯದ ವಿಚಾರ ಬಂದಾಗ ನಮ್ಮ ವಿಮರ್ಶಕರು ಲಕ್ಷ್ಯ ಕೊಡುವುದು ಲಕೋಟೆಯೊಳಗಿನ ಕಾಗದಕ್ಕೆ; ಬರಿಯ ಕಾರ್ಡನ್ನು ಅವರು ಎಣಿಕೆಗೆ ಹಿಡಿಯುವುದಿಲ್ಲ. ಕಾರ್ಡು ಬಿಚ್ಚುಬರಹ. ಬರೆದವನಿಗೂ ಓದುವವನಿಗೂ ನಡುವೆ ಟಪಾಲಿನವನು ಓದಬಹುದು, ಪಡಸಾಲೆಯಲ್ಲಿ ಕುಳಿತ ನೆರೆಯವನು ಓದಬಹುದು. ಅದರಲ್ಲಿ ಗುಟ್ಟಿಲ್ಲ, ಆದ್ದರಿಂದ ಅಂತರಂಗವೂ ಇಲ್ಲವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. 1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿ, ಹತ್ತು ವರ್ಷದ ಮೇಲೆ, 1879ರ ಜುಲೈಯಲ್ಲಿ, ಕಾಲಾಣೆಯ ಬೆಲೆಗೆ ನಮ್ಮ ದೇಶಕ್ಕೆ ಬಂದ ಈ ವಸ್ತು ನಮ್ಮ ಮನೆಗಳಲ್ಲಿ ಮಾಡಿದ ಕೆಲಸವನ್ನು ನೆನೆದರೆ ಈ ತೀರ್ಮಾನ ಅವಸರದ್ದೆಂದು ತೋರುತ್ತದೆ. ಶುಭವಾರ್ತೆಯ ಕಾರ್ಡಿನ ಮೂಲೆಗೆ ಅರಿಸಿನ ಹಚ್ಚಿರುತ್ತಿತ್ತು. ಸಾವಿನ ವಾರ್ತೆಯದಾದರೆ ಮೂಲೆ ಹರಿದಿರುತ್ತಿತ್ತು. ಅಕ್ಷರ ಬಾರದ ಮುದುಕಿಯೂ ಅದನ್ನು ಕೈಗೆ ತೆಗೆದುಕೊಂಡ ಕ್ಷಣದಲ್ಲಿ ಓದಿಬಿಡುತ್ತಿದ್ದಳು.

ಆದರೆ ಅದೆಲ್ಲ ಬಲ್ಲವರು ಬಲ್ಲವರಿಗೆ ಬರೆದದ್ದು. ಗುರುತೇ ಇಲ್ಲದವರಿಗೆ ಬರೆಯುವ ಕಾರ್ಡಿನ ಮಾತು ಬೇರೆ. 2005ರಲ್ಲಿ ಪೋರ್ತುಗಲ್ಲಿನ ಪಾವ್ಲೊ ಮಗಲ್ಯಾಯಿಶ್ ಎಂಬ ತರುಣನು ಆರಂಭಿಸಿದ ‘ಪೋಸ್ಟ್‌ಕ್ರಾಸಿಂಗ್’ ಎಂಬ ಏರ್ಪಾಟಿನಲ್ಲಿ ಇಂದು ಲೋಕದ ಎಲ್ಲ ಕಡೆಯ ಜನ ಹೀಗೆ ಕಾರ್ಡು ಬರೆದುಕೊಳ್ಳುತ್ತಿದ್ದಾರೆ. ಹೆಸರು ನೋಂದಾಯಿಸಿದವರಿಗೆ ಯಾವುದೋ ದೇಶದ ಯಾರದೋ ವಿಳಾಸವೂ ಒಂದು ಸಂಖ್ಯೆಯೂ ದೊರೆಯುತ್ತವೆ. ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಕಳಿಸಬೇಕು. ಅದು ಮುಟ್ಟಿತೆಂದು ಆ ಕಡೆಯವರು ದಾಖಲಿಸಿದ ಮೇಲೆ ನಮ್ಮ ವಿಳಾಸ ಇನ್ನಾರಿಗೋ ಹೋಗುತ್ತದೆ. ನಾವು ಬರೆದದ್ದು ಒಬ್ಬರಿಗೆ, ನಮಗೆ ಬರುವುದು ಮತ್ತೊಬ್ಬರಿಂದ. ಮೂರು ವರ್ಷ ತುಂಬುವುದರೊಳಗೆ, 2008ರಲ್ಲಿ, ಹೀಗೆ ಮುಟ್ಟಿದ ಕಾರ್ಡುಗಳ ಸಂಖ್ಯೆ ಹತ್ತು ಲಕ್ಷವಾಯಿತು.

ನಮ್ಮಲ್ಲಿ ಮದುವೆಮನೆಯ ಮುಯ್ಯಿ ಎಂಬುದೊಂದಿದೆ. ಕೊಟ್ಟದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು, ಅದೇ ಮನೆಗೆ ಹಿಂದಿರುಗಿಸುವುದು ಅದರ ನ್ಯಾಯ. ಹಳೆಯ ಪತ್ರಮಿತ್ರರ ನ್ಯಾಯವೂ ಅದೇ: ಕಾಗದಕ್ಕೆ ಕಾಗದ. ಇಲ್ಲಿ ಮುಯ್ಯಿಯುಂಟು, ಮನೆ ಮಾತ್ರ ಬೇರೆ. ಕೊಟ್ಟವರಿಗೆ ತೀರಿಸಲಾಗದ ಋಣವನ್ನು ಕಾಣದವರಿಗೆ ತೀರಿಸುವುದು ಕೇಳಲು ಉದಾತ್ತವಾಗಿದೆ. ಬರವಣಿಗೆಗೆ ಇದರಿಂದ ಲಾಭವಾಯಿತೇ ಎಂಬುದು ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಕುಳಗಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ತನಗೆ ಬಂದ ಕಾರ್ಡುಗಳ ಕಟ್ಟನ್ನು ನನ್ನ ಮುಂದಿಟ್ಟಳು. ಎಲ್ಲವನ್ನೂ ಓದಿದೆ. ಮುಕ್ಕಾಲು ಪಾಲು ಕಾರ್ಡುಗಳು ಒಂದೇ ಅಚ್ಚಿನವು: ನಮಸ್ಕಾರ, ನಾನು ಇಂಥ ಊರಿನವಳು, ಇಲ್ಲಿ ಇಂದು ಮಳೆ, ನನಗೆ ಬೆಕ್ಕೆಂದರೆ ಪ್ರೀತಿ, ನಿಮಗೆ ಶುಭವಾಗಲಿ. ನಮ್ಮ ‘ಉಭಯ ಕುಶಲೋಪರಿ’ಗೆ ಇದಕ್ಕಿಂತ ಹೆಚ್ಚಿನ ಗಾಂಭೀರ್ಯವಿತ್ತು. ತಪ್ಪು ಬರೆದವರದಷ್ಟೇ ಅಲ್ಲ. ಮೊದಮೊದಲು ಕಾರ್ಡಿನ ಒಂದು ಮಗ್ಗುಲು ವಿಳಾಸಕ್ಕೆ, ಇನ್ನೊಂದು ಇಡಿಯಾಗಿ ಬರಹಕ್ಕೆ ಮೀಸಲಾಗಿತ್ತು. 1902ರಲ್ಲಿ ಬ್ರಿಟನ್ನಿನ ಟಪಾಲಿನವರು ವಿಳಾಸದ ಮಗ್ಗುಲನ್ನೇ ಎರಡು ಪಾಲು ಮಾಡಲು ಒಪ್ಪಿದಾಗ ಚಿತ್ರವು ಇಡೀ ಮನೆಯನ್ನು ಹಿಡಿಯಿತು. ಬರಹವು ವಿಳಾಸದ ನೆರೆಯಲ್ಲಿ ಬಾಡಿಗೆದಾರನಾಯಿತು. ಇದರ ಮೇಲೆ ಇನ್ನೊಂದು ಕೇಡು: ಪಡೆಯುವವರು ತಮ್ಮ ಪರಿಚಯದಲ್ಲಿ, ನನಗೆ ದೀಪಸ್ತಂಭದ ಚಿತ್ರ ಬೇಕು, ಗೂಬೆಯ ಚಿತ್ರ ಬೇಕು ಎಂದು ಬರೆದಿಡುವುದುಂಟು. ಬೇಡಿಕೆಗೆ ತಕ್ಕಂತೆ ಸರಕು ಕಳಿಸುವವನಿಗೆ ತನ್ನ ಮಾತನ್ನು ಹುಡುಕುವ ತುರ್ತು ಎಲ್ಲಿಯದು?

ಆದರೂ ಆ ಕಟ್ಟಿನಲ್ಲಿ ಒಂದು ಕಾರ್ಡಿತ್ತು. ಫಿನ್‌ಲೆಂಡಿನ ಹೆಂಗಸು ಬರೆದದ್ದು. ಹಿಮ ಬಿದ್ದ ಮರುದಿನ ಮನೆಯ ಬಾಗಿಲಿನಿಂದ ಬೀದಿಯವರೆಗೆ ದಾರಿ ಕಡಿಯಬೇಕಾಗುತ್ತದೆ, ಗಂಡ ತೀರಿಕೊಂಡ ಮೇಲೆ ಆ ದಾರಿಯನ್ನು ತನ್ನ ಒಬ್ಬಳ ಮೈಯಗಲಕ್ಕೆ ಕಡಿಯುತ್ತೇನೆ ಎಂದು ಮೂರು ಸಾಲಿನಲ್ಲಿ ಹೇಳಿದ್ದಳು. ಹವೆಯ ಮಾತನ್ನು ಉಳಿದವರೂ ಆಡಿದ್ದರು. ಈಕೆಯ ಹವೆಯಲ್ಲಿ ಒಂದು ಬದುಕು ಇತ್ತು. ಇದನ್ನು ಆಕೆ ನೆರೆಯವರಿಗೆ ಹೇಳುತ್ತಿದ್ದಳೋ ಇಲ್ಲವೋ. ಹೇಳಿದರೆ ಅವರು ಕನಿಕರಿಸಬೇಕಾಗುತ್ತಿತ್ತು, ಈಕೆ ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಉತ್ತರ ಬರಲಾರದ ಕಡೆಗೆ ಬರೆದದ್ದರಿಂದಲೇ ಈ ಮಾತು ಹೊರಬಂದಿತು. ಬಿಚ್ಚುಬರಹದಲ್ಲಿ ಅಂತರಂಗವಿಲ್ಲವೆಂದವರಿಗೆ ಈ ಕಾರ್ಡನ್ನು ತೋರಿಸಬಹುದು.

ಗುರುತಿಲ್ಲದವರೊಡನೆ ಕಾರ್ಡಿನ ವ್ಯವಹಾರ ಕನ್ನಡಕ್ಕೆ ಹೊಸದೇನೂ ಅಲ್ಲ. ಶಿವರಾಮ ಕಾರಂತರು ತಮಗೆ ಬರೆದವರಿಗೆ, ಅವರು ಯಾರೇ ಇರಲಿ, ಕಾರ್ಡಿನಲ್ಲಿ ಚುಟುಕಾಗಿ ಉತ್ತರಿಸುತ್ತಿದ್ದರೆಂಬುದು ಮನೆಮಾತು. ಅಷ್ಟು ದೊಡ್ಡ ಕಾದಂಬರಿಗಳನ್ನು ಬರೆದ ಕೈ ಕಾರ್ಡಿನ ಅಳತೆಗೂ ಒಗ್ಗಿತ್ತು. ಅಳತೆಯನ್ನು ಕುರಿತೇ ಹೇಳುವುದಾದರೆ, ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರ ಚುಟುಕವು ಕಾರ್ಡಿಗೆಂದೇ ಹುಟ್ಟಿದ ಪದ್ಯಜಾತಿಯಂತಿದೆ: ನಾಲ್ಕು ಸಾಲು, ಒಂದು ಚುರುಕು, ಸಹಿ. ಸರ್ವಜ್ಞನ ತ್ರಿಪದಿಗಾದರೆ ಇನ್ನೂ ಒಂದು ಸಾಲಿನ ಜಾಗ ಉಳಿದೀತು. ಸಣ್ಣದರಲ್ಲಿ ಹೇಳಬಲ್ಲ ಶಕ್ತಿ ಈ ಭಾಷೆಗೆ ವಚನಕಾರರ ಕಾಲದಿಂದಲೂ ಇದೆ. ಕಾರ್ಡಿನ ಕಿರಿದುತನವನ್ನು ನೆಪ ಮಾಡಿಕೊಂಡು ಸಪ್ಪೆ ಬರೆಯುವವರಿಗೆ ಕನ್ನಡದಲ್ಲಂತೂ ಕ್ಷಮೆಯಿಲ್ಲ.

ಹಂಸದ ತದ್ಭವ ಅಂಚೆ. ಮೈಸೂರಿನವರು ಟಪಾಲಿಗೂ ಅಂಚೆಯೆಂದೇ ಅಂದರು. ಮುಂಬಯಿ ಇಲಾಖೆಯಲ್ಲಿದ್ದ ನಾವು ಟಪಾಲೆಂದೆವು. ಶಬ್ದಶಾಸ್ತ್ರ ಏನೇ ಹೇಳಲಿ, ದಮಯಂತಿಯ ಬಳಿಗೆ ನಳನ ಮಾತು ಹೊತ್ತ ಹಂಸ ಅಂಚೆಯ ಹೆಸರಿನಲ್ಲಿ ಕಿವಿಗೆ ಕೇಳಿಸುತ್ತದೆ. ಆದರೆ ನನ್ನ ವಾದಕ್ಕೆ ಹಂಸಕ್ಕಿಂತ ಮೋಡ ಹೆಚ್ಚು ಸಹಾಯಕ. ಬೇಂದ್ರೆಯವರು ಕನ್ನಡಕ್ಕೆ ತಂದ ಮೇಘದೂತವನ್ನು ಓದಿದವರು ಗಮನಿಸಿರಬಹುದು: ಪೂರ್ವಮೇಘವೆಲ್ಲ ದಾರಿ, ಉತ್ತರಮೇಘದಲ್ಲಿಯೂ ಊರು, ಮನೆ, ಮನೆಯ ಗುರುತು, ಯಕ್ಷನ ಸಂದೇಶ ಬರುವುದು ಕೊನೆಯ ಭಾಗದಲ್ಲಿ. ವಿಳಾಸವೇ ಕಾವ್ಯ, ಒಕ್ಕಣೆ ಕಿರಿದು! ನಮ್ಮ ವಿಳಾಸದ ಕೊನೆಗೆ ನಿಲ್ಲುವ ಆರು ಅಂಕಿಗಳ ಪಿನ್‌ಕೋಡನ್ನು 1972ರಲ್ಲಿ ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳಾಗಿದ್ದುದು ಇಲ್ಲಿ ನೆನಪಾಗುತ್ತದೆ. (2002ರಲ್ಲಿ ಸರಕಾರವು ಜಾಹೀರಾತು ಹೊತ್ತ ಇಪ್ಪತ್ತೈದು ಪೈಸೆಯ ಕಾರ್ಡಿಗೆ ‘ಮೇಘದೂತ’ವೆಂದು ಹೆಸರಿಟ್ಟದ್ದನ್ನು ಕಾಳಿದಾಸನು ಹೇಗೆ ಸಹಿಸಿದನೋ!)

ತನ್ನ ಊರಿನ ಗುರುತು ಹೇಳುವುದೇ ಗುರುತಿಲ್ಲದವರಿಗೆ ಬರೆಯುವವನ ಪರೀಕ್ಷೆ. ಕುಳಗಿಯನ್ನೇ ತೆಗೆದುಕೊಳ್ಳಿ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ, ಅರಣ್ಯ ಇಲಾಖೆಯ ನಿಸರ್ಗಧಾಮವಿರುವ ಊರು. 1956ರಲ್ಲಿ ಅಭಯಾರಣ್ಯ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು. ನಾನು ನೋಡಿದ ಚಿತ್ರದ ಕಾರ್ಡುಗಳಲ್ಲಿ ಹುಲಿಯಿದೆ, ಮಂಗಟ್ಟೆಯಿದೆ, ನದಿಯಲ್ಲಿ ದೋಣಿಯಾಟವಿದೆ. ಜೊಯಿಡಾದ ಗೆಡ್ಡೆಗೆಣಸು ಮೇಳಕ್ಕೆ ಕುಣಬಿಯರು ಹೊತ್ತು ತರುವ ಗೆಣಸಿನ ಬುಟ್ಟಿಯಿಲ್ಲ, ಸಿದ್ದಿಯರ ಮನೆಯಂಗಳವಿಲ್ಲ, ಗೌಳಿಯರ ಎಮ್ಮೆಯಿಲ್ಲ. ದಾಂಡೇಲಿಯಲ್ಲಿ ಕಾಗದದ ಕಾರಖಾನೆ ನಿಂತಿದೆ. ಕಾಡಿನ ಬಿದಿರು ಕಾಗದವಾದ ಊರಿನ ಮಕ್ಕಳಿಗೆ ಆ ಕಾಗದದ ಮೇಲೆ ತಮ್ಮ ಊರನ್ನು ಬರೆಯಲು ಮಾತು ಸಿಗುತ್ತಿಲ್ಲ. ಚಿತ್ರ ಬಿಟ್ಟದ್ದನ್ನು ಹೇಳುವುದಕ್ಕೆಂದೇ ಆ ಅರ್ಧ ಮಗ್ಗುಲು ಉಳಿದಿರುವುದು. ಮಂಗಟ್ಟೆಯ ಚಿತ್ರದ ಬೆನ್ನಿಗೆ ಮತ್ತೆ ಮಂಗಟ್ಟೆಯ ಬಣ್ಣವನ್ನು ಬಣ್ಣಿಸಿ ಏನು ಫಲ? ಗೂಡಿನ ಪೊಟರೆಯ ಬಾಯನ್ನು ಮುಚ್ಚಿಕೊಂಡು ಹೆಣ್ಣು ಒಳಗೆ ಕುಳಿತಿರುವಾಗ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸುವುದನ್ನು ಬರೆದರೆ ಫಿನ್‌ಲೆಂಡಿನ ಆ ಹೆಂಗಸು ಓದಿ ಸುಮ್ಮನೆ ಕುಳಿತಾಳು.

ಭಾಷೆಯದೊಂದು ತೊಡಕು ಉಳಿಯಿತು. ಈ ಏರ್ಪಾಟಿನ ಸಾಮಾನ್ಯ ಭಾಷೆ ಇಂಗ್ಲಿಷು. ಓದುವವರಿಗೆ ತಿಳಿಯುವಂತೆ ಬರೆಯಬೇಕೆಂಬುದು ಸರಿಯಾದ ನಿಯಮವೇ. ಆದರೆ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನಮ್ಮ ಹುಡುಗರು ಬರೆಯತೊಡಗಿದರೆ ಬೆಕ್ಕು, ಮಳೆ, ಶುಭಾಶಯಗಳ ಅಚ್ಚಿಗೇ ಬೀಳುತ್ತಾರೆ. ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದಿಷ್ಟು: ಮೊದಲು ಕನ್ನಡದಲ್ಲಿ ಬರೆ, ಮನೆಯಲ್ಲಿ ಆಡುವುದು ಕೊಂಕಣಿಯಾದರೆ ಕೊಂಕಣಿಯಲ್ಲಿ ಬರೆ, ಆಮೇಲೆ ಇಂಗ್ಲಿಷಿಗೆ ತಿರುಗಿಸು. ಮೂಲದ ಒಂದು ಸಾಲನ್ನು ಅದರ ಲಿಪಿಯಲ್ಲಿಯೇ ಕಾರ್ಡಿನ ಅಂಚಿನಲ್ಲಿ ಉಳಿಸು. ಮುಂದಿನ ಕಾರ್ಡನ್ನು ಅವಳು ಮೂರು ಸಲ ಹರಿದು ನಾಲ್ಕನೆಯ ಸಲ ಬರೆದಳು. ಜರ್ಮನಿಯ ವಿಳಾಸ. ಅದರಲ್ಲಿ ಹುಲಿಯಿರಲಿಲ್ಲ, ಮಳೆಗಾಲದಲ್ಲಿ ಕುಳಗಿಯ ಬಸ್ಸು ತಪ್ಪಿದರೆ ಯಾರ ಮನೆಯ ಜಗಲಿಯಲ್ಲಿ ಕುಳಿತುಕೊಳ್ಳಬೇಕು, ಅವರು ಏನು ಕೇಳುತ್ತಾರೆ, ಎಂಬುದಿತ್ತು.