ಕೇಳದೆಯೇ ಕೊಡಬೇಕಾದ ಕಾಗದ

ಮಾಹಿತಿ ಹಕ್ಕು ಕಾಯ್ದೆಯನ್ನು ಹೊಗಳುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸರ್ಕಾರದ ಬೀರುವಿನ ಬಾಗಿಲು ತೆರೆಯುತ್ತದೆ ಎಂಬ ಕೀರ್ತಿ ಅದಕ್ಕಿದೆ. ಜಾಲತಾಣಗಳ ಮೇಲಿನ ನಿಗಾದ ಮಾತು ಬಂದಾಗ ಆ ಕೀರ್ತಿ ಪೊಳ್ಳು.

ಕಾವೇರಿ ಚಳವಳಿ ಇರಲಿ, 2024ರಲ್ಲಿ ನಾಗಮಂಗಲದಲ್ಲಿ, 2025ರಲ್ಲಿ ಮದ್ದೂರಿನಲ್ಲಿ ಗಣೇಶ ಮೆರವಣಿಗೆ ವೇಳೆ ನಡೆದ ಗಲಾಟೆ ಇರಲಿ, ಮಂಡ್ಯ ಜಿಲ್ಲೆಗೆ ಈಗ ಮೊಬೈಲೇ ಅರಳಿಕಟ್ಟೆ. ಸುಳ್ಳು ಸುದ್ದಿಗೆ ಕಡಿವಾಣ ಬೇಕು, ತಕರಾರಿಲ್ಲ. ಆದರೆ ಪೊಲೀಸರು ಯಾವ ನಿಯಮದಡಿ ಯಾರ ಪೋಸ್ಟ್ ನೋಡುತ್ತಾರೆ, ನೋಡಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಕಾಯ್ದೆಯ 4(1)(ಬಿ)ಯ ಐದನೇ ಅಂಶ ನೋಡಿ. ಸಿಬ್ಬಂದಿ ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿ, ದಾಖಲೆಗಳನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು. ಜೀವ ಇರುವುದು ‘ಬಳಸುವ’ ಎಂಬ ಮಾತಿನಲ್ಲಿ. ಗೆಜೆಟ್ಟಿನ ನಿಯಮವಷ್ಟೇ ಅಲ್ಲ, ಮೇಜಿನ ಮೇಲಿನ ಸುತ್ತೋಲೆಯೂ ಅದರೊಳಗೆ ಬಂತು. ನಿಗಾ ಕೈಪಿಡಿಯೆಂದರೆ ಯಾರೋ ಒಬ್ಬರ ಮೇಲಿನ ಕಡತವಲ್ಲ, ಕೆಲಸದ ಕ್ರಮ. ಗುಟ್ಟಿನ ಸಾಲುಗಳಿದ್ದರೆ ಅಷ್ಟನ್ನು ಮರೆಮಾಡಿ ಉಳಿದದ್ದನ್ನು ಕೊಡಲು 10ನೇ ಸೆಕ್ಷನ್ ಇದೆ. ಕಚೇರಿಗಳು ಮಾತ್ರ ಕಾಯ್ದೆಯನ್ನು ವಿನಾಯಿತಿಗಳ 8ನೇ ಸೆಕ್ಷನ್‌ನಿಂದ ಓದುತ್ತವೆ: 8(1)(ಎಚ್), ತನಿಖೆಗೆ ಅಡ್ಡಿ, ಹಿಂಬರಹ, ಅಲ್ಲಿಗೆ ಮುಗಿಯಿತು. ತನಿಖೆ ನಡೆಯುತ್ತಿದೆ ಎಂದರಷ್ಟೇ ಸಾಲದು, ಹೇಗೆ ಅಡ್ಡಿಯೆಂದು ತೋರಿಸಬೇಕು ಎಂದು ಭಗತ್ ಸಿಂಗ್ ಎಂಬ ಅರ್ಜಿದಾರರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿತ್ತು.

ಅರ್ಜಿದಾರರ ಕಾಟವೇ ಕಾಯ್ದೆಯನ್ನು ಕೆಡಿಸಿತು ಎನ್ನುವ ಪಂಡಿತರಿದ್ದಾರೆ. ಅವರು ಕರ್ನಾಟಕದ ನಿಯಮ ಓದಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಸುತ್ತೋಲೆಯ ಹೆಸರೇ ತಿಳಿಯದವರು ಒಂದರ ಮೇಲೊಂದು ಅರ್ಜಿ ಹಾಕದೆ ಇನ್ನೇನು ಮಾಡಿಯಾರು? ತಾನಾಗಿಯೇ ಪ್ರಕಟಿಸಿದ್ದರೆ ಒಂದು ಅರ್ಜಿಯೂ ಬೇಕಿರಲಿಲ್ಲ. ಕಾಟ ಹುಟ್ಟುವುದು ಕಚೇರಿಯೊಳಗೇ.

ಇನ್ನೂ ಒಂದು ವಿಚಿತ್ರ. 2018ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಜಾಲತಾಣಗಳ ಮೇಲೆ ನಿಗಾ ಇಡುವ ‘ಸೋಷಿಯಲ್ ಮೀಡಿಯಾ ಕಮ್ಯುನಿಕೇಷನ್ ಹಬ್’ ಕಟ್ಟಲು ಹೊರಟಾಗ ಅದರ ಒಳಹೂರಣ ಬಯಲಾದದ್ದು ಬೆಸಿಲ್ ಸಂಸ್ಥೆ ಕರೆದ ಟೆಂಡರ್ ಕಾಗದದಿಂದ. ತೃಣಮೂಲ ಕಾಂಗ್ರೆಸ್ಸಿನ ಮಹುವಾ ಮೊಯಿತ್ರಾ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಗುತ್ತಿಗೆದಾರನಿಗೆ ತೋರಿಸಿದ ಕಾಗದವನ್ನು ನಾಗರಿಕನಿಗೆ ತೋರಿಸಲು ಏನು ಸಂಕಟ?

ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ಅರ್ಜಿ ಬರೆಯಲು ಕೂತವರಿಗೆ ಒಂದು ಮಾತು: ‘ಯಾರನ್ನು ನೋಡುತ್ತಿದ್ದೀರಿ’ ಎಂದು ಕೇಳಬೇಡಿ. ‘ಯಾವ ಕೈಪಿಡಿ ಹಿಡಿದು ನೋಡುತ್ತಿದ್ದೀರಿ’ ಎಂದು ಕೇಳಿ. 150 ಪದ ಧಾರಾಳವಾಯಿತು.