ಹೊಸ ಹೆಸರು, ಹಳೆಯ ಮಾದರಿ

ಹವಳದ ದಂಡೆಯಲ್ಲಿ ಹೊಸ ಕೆಂಪು ಪಾಚಿ ಸಿಕ್ಕಿತೆಂಬ ಸುದ್ದಿಗೆ ಈಗ ಎಲ್ಲಿಲ್ಲದ ಮರ್ಯಾದೆ. ನೀರಿಗಿಳಿದವರ ಸಾಹಸವನ್ನೂ ಡಿಎನ್‌ಎ ಪರೀಕ್ಷೆಯನ್ನೂ ಹೊಗಳುತ್ತೇವೆ. ಆದರೆ ಸಿಕ್ಕಿದ್ದು ಹೊಸತೇ ಎಂದು ಇತ್ಯರ್ಥವಾಗುವುದು ಒಣಗಿಸಿದ ಸಸ್ಯಗಳನ್ನು ಕಾಪಿಡುವ ಹರ್ಬೇರಿಯಂನ ಕಪಾಟಿನ ಮುಂದೆ. ಅಲ್ಲಿ ಕೂತು ದುಡಿದವರ ಹೆಸರು ಮಾತ್ರ ಯಾರಿಗೂ ಬೇಡ. ಸಾಹಸಕ್ಕೂ ಡಿಎನ್‌ಎಗೂ ಸಿಗುವ ಈ ಹೊಗಳಿಕೆ ಅಳತೆ ಮೀರಿದ್ದು.

ಪುತ್ತೂರು, ಸುಳ್ಯದ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಪಾಲಿಸೈಫೋನಿಯಾ ಎಂಬ ಕೆಂಪು ಪಾಚಿಯ ಜೀವನಚಕ್ರ ಗೊತ್ತೇ ಇದೆ. ಅದನ್ನಿಲ್ಲಿ ಮತ್ತೆ ಹೇಳಬೇಕಿಲ್ಲ. ಆಸ್ಪರಾಗಾಪ್ಸಿಸ್ ಟ್ಯಾಕ್ಸಿಫಾರ್ಮಿಸ್ ಎಂಬ ಇನ್ನೊಂದು ಕೆಂಪು ಪಾಚಿಯನ್ನೇ ತೆಗೆದುಕೊಳ್ಳೋಣ. ಬಂಡೆಯ ಮೇಲೆ ಹಬ್ಬಿದ ಬುಡ, ಅದರಿಂದ ನೆಟ್ಟಗೆ ಎದ್ದ ನರಿಬಾಲದಂಥ ನಸುಗೆಂಪು ಕುಚ್ಚು. ಇದು ಗಂಡು–ಹೆಣ್ಣು ಗಿಡಗಳ ಪೀಳಿಗೆ. ಮುಂದಿನ ಪೀಳಿಗೆ ಬರೀ ನವಿರು ಎಳೆಗಳ ಪುಟ್ಟ ಉಂಡೆ. ಸೂಕ್ಷ್ಮದರ್ಶಕದಡಿ ನಡುಕೋಶದ ಸುತ್ತ ಮೂರು ಕೋಶಗಳು ಕಾಣುತ್ತವೆ. ನೋಟದಲ್ಲಿ ನಂಟೇ ಇಲ್ಲದ್ದರಿಂದ ಆ ಉಂಡೆಗಳನ್ನು ಫಾಲ್ಕೆನ್‌ಬರ್ಜಿಯಾ ಎಂಬ ಬೇರೆ ಕುಲಕ್ಕೇ ಸೇರಿಸಿದ್ದರು. ಆಸ್ಪರಾಗಾಪ್ಸಿಸ್, ಫಾಲ್ಕೆನ್‌ಬರ್ಜಿಯಾ ಎರಡೂ ಒಂದೇ ಜೀವದ ಅವಸ್ಥೆಗಳೆಂದು ತೋರಿಸಿದ್ದು ಫ್ರಾನ್ಸಿನ ಫೆಲ್ಡ್‌ಮನ್ ದಂಪತಿ, 1939 ಮತ್ತು 1942ರ ತಮ್ಮ ಬರಹಗಳಲ್ಲಿ.

ಡಿಎನ್‌ಎ ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ ಎನ್ನುವವರಿದ್ದಾರೆ. ಒಪ್ಪೋಣ, ಪೀಳಿಗೆಗಳನ್ನು ಬೆಸೆಯಲು ಅದು ಒಳ್ಳೆಯ ಸಾಧನ. ಆದರೆ ಅವರ ವಾದ ಅಲ್ಲಿಗೇ ನಿಲ್ಲುವುದಿಲ್ಲ. ಪಾಚಿಯನ್ನು ಒಣಗಿಸಿ ಹಾಳೆಗಂಟಿಸುವ, ಸೀಳಿ ನೋಡಿ ಚಿತ್ರ ಬರೆಯುವ ಕೆಲಸವನ್ನು ಅವರು ಗುಮಾಸ್ತಿಕೆ ಎಂದು ತಳ್ಳಿಹಾಕುತ್ತಾರೆ. ಇದು ತಪ್ಪು. ಇದೇ ಪಾಚಿಯಲ್ಲಿ ಹಲವು ವಂಶಗಳಿವೆಯೆಂದು ಡಿಎನ್‌ಎ ತೋರಿಸಿದೆ. ಹಳೆಯ ಹೆಸರು ಯಾವ ವಂಶಕ್ಕೆ, ಹೊಸದು ಯಾವುದಕ್ಕೆ? 1813ರಲ್ಲಿ ಸಸ್ಯಶಾಸ್ತ್ರಜ್ಞ ಡೆಲಿಲ್ ಹೆಸರಿಟ್ಟದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪಾಚಿಗೆ. ಹೆಸರಿಗೆ ಆಧಾರವಾದ ಆ ಮೂಲ ಮಾದರಿಯನ್ನು, ಆ ಊರಿನ ಪಾಚಿಯನ್ನು ನೋಡದೆ ಉತ್ತರ ಸಿಗದು. ಹೋಲಿಸಲು ಹಳೆಯದು ಕೈಯಲ್ಲಿಲ್ಲದಿದ್ದರೆ ಎಷ್ಟು ಡಿಎನ್‌ಎ ಓದಿದರೂ ಅದು ಅರ್ಧ ವಿವರಣೆಯೇ.

ಇದು ಪಂಡಿತರ ಜಗಳವಷ್ಟೇ ಅಲ್ಲ. ದನಗಳ ಮೀಥೇನ್ ತಗ್ಗಿಸುವ ಮೇವಿನ ಪೂರಕವಾಗಿ ಇದೇ ಪಾಚಿಯ ಮೇಲೆ ಸಂಶೋಧನೆ ನಡೆದಿದೆ. ನಾಳೆ ಕಡಬದ ಕೊಟ್ಟಿಗೆಗೂ ಅದು ಬಂದೀತು; ಆಗ ಯಾವ ವಂಶದ ಪಾಚಿ ಎಂಬುದು ಹಾಲು ಕರೆಯುವವರ ಪ್ರಶ್ನೆಯೂ ಆಗುತ್ತದೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಕಡಲಿಲ್ಲ, ನಿಜ. ಆದರೆ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್‌ಗಳ ಹವಳದ ದಂಡೆಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಲ್ಲದೆ, ಪಶ್ಚಿಮಘಟ್ಟದ ತೊರೆಗಳಲ್ಲಿ ಬ್ಯಾಟ್ರಕೋಸ್ಪರ್ಮಮ್ ಎಂಬ ಸಿಹಿನೀರಿನ ಕೆಂಪು ಪಾಚಿ ಇಂದಿಗೂ ಇದೆ. ನಮ್ಮ ಕಾಲೇಜುಗಳು ಅದನ್ನು ಋತು ಋತುವಿಗೂ ಸಂಗ್ರಹಿಸಿ, ಮಾದರಿಗಳನ್ನು ಜೋಪಾನವಾಗಿ ಇಡಲಿ. ಹೊಸ ಪ್ರಭೇದದ ಸುದ್ದಿ ಓದಿದಾಗ ನೀವೂ ಒಂದು ಪ್ರಶ್ನೆ ಕೇಳಿ: ಹಳೆಯ ಮಾದರಿಯನ್ನು ನೋಡಿದ್ದಾರೆಯೇ?