ಋತುಮಾನದ ಒಗಟುಗಳೂ ಶಿಶುಗಳ ಅಕ್ಷರಶುದ್ಧಿಯೂ

ದಂಡಿಯು ತನ್ನ ಕಾವ್ಯಾದರ್ಶದ ತೃತೀಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಎಣಿಸಿ, ಅವುಗಳಿಗೆ ಮೂರು ಪ್ರಯೋಜನಗಳನ್ನು ಹೇಳಿರುವನು: ಗೋಷ್ಠಿಯ ವಿನೋದ, ಜನಸಂದಣಿಯಲ್ಲಿ ಗುಟ್ಟಾಗಿ ಮಾತನಾಡುವುದು, ಎದುರಾಳಿಯನ್ನು ತಬ್ಬಿಬ್ಬುಗೊಳಿಸುವುದು. ಎಳೆಯರಿಗೆ ಅಕ್ಷರವನ್ನೂ ಪದಸಂಪತ್ತನ್ನೂ ಕೊಡುವ ನಾಲ್ಕನೆಯ ಪ್ರಯೋಜನವು ಆತನ ಎಣಿಕೆಯಲ್ಲಿಲ್ಲ. ಈ ಕಾಲದ ಪಾಠಶಾಲೆಗಳಲ್ಲಿ ಋತುವಿಗೊಂದರಂತೆ ಪದಬಂಧಗಳನ್ನೂ ಒಗಟುಗಳನ್ನೂ ಹಂಚುವ ರೂಢಿಯು ಈ ನಾಲ್ಕನೆಯದನ್ನೇ ಬಯಸುವುದು. ಬಯಕೆ ಒಳ್ಳೆಯದು, ಅದು ಕೈಗೂಡುವ ಬಗೆ ಮಾತ್ರ ವಿಮರ್ಶೆಗೆ ಅರ್ಹವಾದುದು.

ಮೊದಲನೆಯ ದೋಷವು ರಚನೆಗೆ ಸಂಬಂಧಿಸಿದುದು. ಇಂಗ್ಲಿಷಿನ ಪದಬಂಧದಲ್ಲಿ ಒಂದು ಮನೆಗೆ ಒಂದು ವರ್ಣ. ಕನ್ನಡದಲ್ಲಿ ಬರೆಹದ ಘಟಕವು ಗುಣಿತವನ್ನೂ ಒತ್ತನ್ನೂ ಒಳಗೊಂಡ ಅಕ್ಷರ. 'ರೇಷ್ಮೆ' ಎಂಬುದಕ್ಕೆ ಎರಡೇ ಮನೆಗಳು. ಅದನ್ನು ಒಡೆದು ಚೆಲ್ಲಿ 'ಜೋಡಿಸು' ಎಂದರೆ, ಶಿಶುವು ಎಂದೂ ಕಾಣದ ತುಣುಕುಗಳನ್ನು ಅದರ ಕಣ್ಣಿಗೆ ಕಟ್ಟಿದಂತಾಗುವುದು. ಅರ್ಕಾವತ್ತಿನಲ್ಲಂತೂ ನುಡಿಯುವ ಕ್ರಮವೇ ಬೇರೆ, ಬರೆಯುವ ಕ್ರಮವೇ ಬೇರೆ. ಅಕ್ಷರಕ್ಕೊಂದು ಮನೆಯೆಂಬ ನಿಯಮವನ್ನು ಹಿಡಿದರೆ ಪದಬಂಧವು ವ್ಯಾಕರಣವನ್ನೂ ಕಲಿಸಬಲ್ಲುದು. ಮಳೆಯ ನಕ್ಷತ್ರವೊಂದಕ್ಕೆ ಮೂರು ಮನೆಗಳಿದ್ದರೆ 'ಆರಿದ್ರೆ', ಎರಡಿದ್ದರೆ 'ಆರ್ದ್ರೆ'. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ವಿವರಿಸಿದ ತದ್ಭವದ ತತ್ತ್ವವು ಇಲ್ಲಿ ಮನೆಗಳ ಎಣಿಕೆಯಿಂದಲೇ ಬಾಲಕನಿಗೆ ಹೊಳೆಯುವುದು.

ಎರಡನೆಯದು ಅಕ್ಷರಕ್ರಮದ ವಿಚಾರ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ಅನಂತರ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯಂತೆ ಅಲ್ಲದೆ, ರ, ಗ, ಸ, ದ, ಅ. ಬಳಿಕ ಜ, ವ, ಮ, ಬ, ನ ಎಂದು ಗುಂಪುಗೂಡಿಸಿರುವರು. ಈ ಹತ್ತರಿಂದ ಮರ, ವನ, ಬರ ಎಂಬ ಮಾತುಗಳಾಗುವುವು. 'ಮಳೆ' ಎಂಬುದು ಇನ್ನೂ ಆಗದು. ಹೊಳೆಗಳು ವರ್ಷವಿಡೀ ಹರಿಯದ ಈ ಸೀಮೆಯಲ್ಲಿ ಬರವು ಮಳೆಗಿಂತ ಮುಂಚೆ ಬರೆಹಕ್ಕೆ ಬರುವುದು ವಿಚಿತ್ರವಾದರೂ, ರಚಕನು ಇದಕ್ಕೆ ಬದ್ಧನಾಗಿರತಕ್ಕದ್ದು. ಕಲಿಯದ ಅಕ್ಷರವನ್ನು ಬೇಡುವ ಒಗಟು ಜಾಣ್ಮೆಯ ಪರೀಕ್ಷೆಯಲ್ಲ; ಅನ್ಯಾಯ.

ಮೂರನೆಯದೂ ಮುಖ್ಯವಾದುದೂ ಋತುವಿನ ವಿಚಾರ. ಅನ್ಯದೇಶದ ಹಾಳೆಗಳಿಂದ ಇಳಿಸಿದ ಚಳಿಗಾಲದ ಪದಬಂಧದಲ್ಲಿ ಹಿಮದ ಗೊಂಬೆಯಿರುವುದು. ನಂದಿಬೆಟ್ಟದ ತಪ್ಪಲಿನ ಶಿಶುವು ಕಾಣುವುದು ಮಂಜನ್ನೂ ಇಬ್ಬನಿಯನ್ನೂ. ಈ ಮೂರು ಪದಗಳ ಭೇದವನ್ನು ತಿಳಿಸುವುದೇ ಒಂದು ಪಾಠವಾಗಬಹುದಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಲ್ಲಿ ಮಾಗಿಯೆಂದರೆ ಅವರೆಯ ಸೊಗಡು. ರೇಷ್ಮೆ ಸಾಕುವ ಮನೆಯಲ್ಲಿ ಋತುವಿಗಿಂತಲೂ ಕಿರಿದಾದ ಇನ್ನೊಂದು ಕಾಲಮಾನವುಂಟು. ಹುಳುವು ನಾಲ್ಕು ಸಾರಿ ಪೊರೆ ಕಳಚುವುದನ್ನು ರೈತರು 'ಜ್ವರ' ಎನ್ನುವರು. ಮಾಗಿದ ಹುಳುವನ್ನು ಏರಿಸುವ ತಟ್ಟೆ 'ಚಂದ್ರಿಕೆ'. ಇವುಗಳಿಂದಲೇ, 'ನಾಲ್ಕು ಸಲ ಜ್ವರ ಬಂದರೂ ವೈದ್ಯನನ್ನು ಕರೆಯದು. ತಾನು ಕಟ್ಟಿದ ಮನೆಗೆ ಬಾಗಿಲಿಡದು' ಎಂಬಂತಹ ಒಗಟನ್ನು ಹೊಸೆಯಬಹುದು. ಶಿಡ್ಲಘಟ್ಟದ ಬಾಲಕಿಯು ಅದನ್ನು ಕ್ಷಣದಲ್ಲಿ ಬಿಡಿಸುವಳು. ಹೊರಗಿನಿಂದ ಬಂದ ಉಪಾಧ್ಯಾಯರು ತಡವರಿಸಿಯಾರು. ಮನೆಯ ಮಾತಿಗೆ ಶಾಲೆಯಲ್ಲಿ ಮರ್ಯಾದೆ ದೊರಕುವುದು ಹೀಗೆ.

ಈ ಮರ್ಯಾದೆಯ ಪ್ರಶ್ನೆಯು ಇಲ್ಲಿ ಗುರುತರವಾದುದು. ಗಡಿಸೀಮೆಯಾದ ಇಲ್ಲಿ ಅನೇಕ ಶಿಶುಗಳ ಮನೆಮಾತು ತೆಲುಗು. ಕನ್ನಡವಾಡುವ ಮನೆಗಳಲ್ಲಿಯೂ ಹಳ್ಳಿಯ ನಾಲಗೆಯು ಪದಾದಿಯ ಹಕಾರವನ್ನು ಬಿಡುವುದು: ಹಾಲು 'ಆಲು' ಆಗುವುದು, ಹಣ್ಣು 'ಅಣ್ಣು' ಆಗುವುದು. ಇದನ್ನು ಬರಿಯ ಸ್ಖಾಲಿತ್ಯವೆಂದು ಕೆಂಪುಮಸಿಯಿಂದ ಗೀಚಿದರೆ ಶಿಶುವು ಬರೆಯಲು ಅಂಜುವುದು, ಆಟವಾಗಿಸಿದರೆ ಕಲಿಯುವುದು. 'ತಲೆಯ ಮೇಲೆ ಹಕಾರವಿದ್ದರೆ ಕೊರಳಿನಿಂದ ಹೊರಡುವುದು. ಅದು ಜಾರಿದರೆ ಬೇಲಿಯ ಸೊಪ್ಪನ್ನು ಮೇಯುವುದು': ಹಾಡು, ಆಡು. ಹರಸು, ಅರಸು ಎಂಬ ಜೋಡಿಯೂ ಇಂತಹುದೇ. ಹಕಾರವು ಉಪಾಧ್ಯಾಯರ ಹಟವಲ್ಲ, ಅರ್ಥಭೇದಕವೆಂಬುದನ್ನು ಯಾವ ಉಪದೇಶವೂ ಇಷ್ಟು ಬೇಗ ಮನಗಾಣಿಸಲಾರದು.

ತೆಲುಗಿನ ಶಿಶುವಿಗೆ ಬೇರೊಂದು ಸೌಕರ್ಯವುಂಟು. ಅದು ಮನೆಯಲ್ಲಿ ಪಾಲು, ಪುಲಿ, ಪಂದಿ ಎನ್ನುವುದು. ಶಾಲೆಯಲ್ಲಿ ಹಾಲು, ಹುಲಿ, ಹಂದಿ ಎಂದು ಬರೆಯಬೇಕು. ಹಳಗನ್ನಡದಲ್ಲಿಯೂ ಇವು ಪಕಾರಾದಿಗಳೇ ಆಗಿದ್ದುವೆಂಬುದನ್ನು ವಿದ್ವಾಂಸರು ಬಲ್ಲರು. ಮಾಗಿಯಲ್ಲಿ ನೆನೆಸಿದ ಅವರೆಕಾಳನ್ನು 'ಹಿದುಕು' ಎಂದರೂ 'ಪಿತುಕು' ಎಂದರೂ ಧಾತು ಒಂದೇ. ಒಂದು ಮನೆಯಲ್ಲಿ ಪಕಾರವನ್ನಿಟ್ಟು, ಅದರ ಎದುರಿಗೆ ಹಕಾರವನ್ನು ಬರೆಯಿಸುವ ಪದಬಂಧವು, ಪಂಪನ ಕಾಲದ ನುಡಿಯಿಂದ ಇಂದಿನ ನುಡಿಗೆ ಶಿಶುವನ್ನು ನಡೆಸಿಕೊಂಡು ಬಂದಂತೆ. ಹಾಗಾದರೆ ತೆಲುಗು ಕನ್ನಡದ ಕಲಿಕೆಗೆ ಅಡ್ಡಿಯೆಂಬ ಮಾತಿಗೆ ಬಲವುಳಿಯದು.

ಪದಬಂಧಕ್ಕೆ ಮಿತಿಯಿಲ್ಲದಿಲ್ಲ. ಕೊಟ್ಟ ಪಟ್ಟಿಯನ್ನು ಅಕ್ಷರಗಳ ರಾಶಿಯಲ್ಲಿ ಹುಡುಕಿಸುವ ಬಗೆಯು ಕಣ್ಣಿಗೆ ಕೆಲಸ ಕೊಡುವುದೇ ಹೊರತು ನೆನಪಿಗೆ ಕೊಡದು. ಬಿಡಿಪದಗಳಿಂದ ವಾಕ್ಯವು ತಾನಾಗಿ ಹುಟ್ಟದು. ಕೊಳವೆಬಾವಿಯ ನೀರಿನಿಂದ ಯಾವ ಕಾಲಕ್ಕೂ ಬೆಳೆಯೆತ್ತುವ ಹೊಲಗಳಲ್ಲಿ ಮಳೆನಕ್ಷತ್ರಗಳ ಹೆಸರುಗಳು ಹಿರಿಯರ ಬಾಯಲ್ಲಿಯೇ ಸವೆಯುತ್ತಿರುವಾಗ, ಅವುಗಳನ್ನು ಹಾಳೆಯ ಮೇಲೆ ಮಾತ್ರ ಉಳಿಸುವೆನೆಂಬುದು ಭ್ರಮೆ. ಆದಕಾರಣ ಒಗಟು ಮೊದಲು ಬಾಯಲ್ಲಿ ಆಡಲ್ಪಟ್ಟು, ಮನೆಯ ಅಜ್ಜಿಯನ್ನು ಕೇಳಿ ಬಿಡಿಸಲ್ಪಟ್ಟು, ಕಡೆಗೆ ಮನೆಗಳಲ್ಲಿ ಬರೆಯಲ್ಪಡಬೇಕು. ಆ ಕ್ರಮದಲ್ಲಿ ಉತ್ತರದೊಡನೆ ಅಜ್ಜಿಯ ಎರಡು ವಾಕ್ಯಗಳೂ ಶಾಲೆಗೆ ಬರುವುವು. ಅಂತಹ ಒಗಟು ಕನ್ನಡದ ಶಿಶುಸಾಹಿತ್ಯದಲ್ಲಿ ಗಣನೆಗೆ ಅರ್ಹವಾದುದು. ಉಳಿದುದು ಹೊತ್ತು ಕಳೆಯುವ ಹಾಳೆ.